ಎಷ್ಟು ಲೀಟರ್, ಎಷ್ಟು ದಿನ? ಕರಾವಳಿಯ ಅಡುಗೆಮನೆಯೂ ಫ್ರಿಜ್ಜಿನ ಆಯ್ಕೆಯೂ

ಉಡುಪಿ, ಮಣಿಪಾಲ, ಕಾರ್ಕಳಗಳ ಯಾವುದೇ ಗೃಹೋಪಕರಣ ಮಳಿಗೆಗೆ ಹೋಗಿ ಹೊಸ ಫ್ರಿಜ್ ಬೇಕೆಂದರೆ ಮೊದಲು ಎದುರಾಗುವ ಪ್ರಶ್ನೆ ‘ಎಷ್ಟು ಲೀಟರ್?’ ಎಂಬುದು. ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂಬುದು ಎರಡನೆಯ ಪ್ರಶ್ನೆ. ಬಣ್ಣ, ಬಾಗಿಲುಗಳ ಸಂಖ್ಯೆ, ಕಂತಿನ ಸೌಲಭ್ಯ ಅನಂತರದ ಮಾತು. ಬೇಯಿಸಿದ್ದನ್ನು ಎಷ್ಟು ದಿನ ಇಟ್ಟು ಉಣ್ಣುವ ರೂಢಿ ನಿಮ್ಮ ಮನೆಯಲ್ಲಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಉಳಿದೆಲ್ಲ ಪ್ರಶ್ನೆಗಳಿಗೂ ಉತ್ತರ ಅದರಿಂದಲೇ ಹೊರಡುತ್ತದೆ.

ಸಾಹಿತ್ಯ ಮತ್ತು ಇತಿಹಾಸಗಳ ವಿದ್ಯಾರ್ಥಿಗಳಿಗೆ ಇದು ಸಂಬಂಧವಿಲ್ಲದ ವಿಷಯವೆಂದು ತೋರಬಹುದು. ಆದರೆ ಆಹಾರದ ಕುರಿತ ನಮ್ಮ ಶಬ್ದಗಳು, ಶಾಸ್ತ್ರಗಳು, ಆಚಾರಗಳು ಶತಮಾನಗಳಿಂದ ಅನ್ನವನ್ನು ಕಾಲದಿಂದ ಅಳೆದಿವೆ. ಕಳೆದ ಐದಾರು ದಶಕಗಳಲ್ಲಿ ಅಡುಗೆಮನೆಯನ್ನು ಹೊಕ್ಕ ಒಂದು ಯಂತ್ರ ಆ ಅಳತೆಯನ್ನು ಸ್ಥಳದ ಅಳತೆಯನ್ನಾಗಿ ಮಾರ್ಪಡಿಸಿದೆ. ದಿನ, ಜಾವ, ಋತುಗಳಲ್ಲಿ ಹೇಳುತ್ತಿದ್ದ ಲೆಕ್ಕವನ್ನು ಈಗ ಲೀಟರಿನಲ್ಲಿ ಹೇಳುತ್ತೇವೆ. ಈ ಬದಲಾವಣೆಯನ್ನು ಅರಿತು ಯಂತ್ರವನ್ನು ಕೊಳ್ಳುವುದಕ್ಕೂ ಅರಿಯದೆ ಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಹಣದಲ್ಲಿ, ಆರೋಗ್ಯದಲ್ಲಿ, ಮನೆಯವರ ದುಡಿಮೆಯಲ್ಲಿ ಆ ವ್ಯತ್ಯಾಸವನ್ನು ಎಣಿಸಿ ತೋರಿಸಬಹುದು.

ತಂಗಳು ಎಂಬ ಶಬ್ದ

ಕನ್ನಡದಲ್ಲಿ ಫ್ರಿಜ್ಜಿಗೆ ಪಂಡಿತರು ‘ಶೀತಕ’ ಎಂದರು, ‘ಶೈತ್ಯಪೆಟ್ಟಿಗೆ’ ಎಂದರು. ಬಳಕೆಯಲ್ಲಿ ನಿಂತದ್ದು ಫ್ರಿಜ್ ಎಂಬುದೇ. ವಿನೋದಕ್ಕಾಗಿ ಜನ ಕೊಟ್ಟ ಇನ್ನೊಂದು ಹೆಸರುಂಟು: ‘ತಂಗಳು ಪೆಟ್ಟಿಗೆ’. ಈ ವಿನೋದದಲ್ಲಿ ಪಾರಿಭಾಷಿಕ ಪದಗಳಿಗಿಂತ ಹೆಚ್ಚಿನ ಅರ್ಥವಿದೆ.

ತಂಗಳು ಎಂಬುದರ ಮೊದಲ ಭಾಗ ‘ತಣ್’. ತಣ್ಣೀರು, ತಂಗಾಳಿ, ತಂಪು ಎಂಬ ಶಬ್ದಗಳಲ್ಲಿರುವುದು ಇದೇ. ತಣ್ ಎಂಬುದಕ್ಕೆ ಅನ್ನವಾಚಿಯಾದ ಕೂಳ್ ಸೇರಿ ತಂಗೂಳ್, ತಂಗುಳ್, ತಂಗಳ್ ಎಂಬ ರೂಪಗಳಾದವು. ಅಂದರೆ ಮೂಲಾರ್ಥ ‘ತಣ್ಣಗಿನ ಅನ್ನ’ ಎಂದಷ್ಟೇ. ಹಿಂದಿನ ದಿನದ್ದು ಎಂಬ ಅರ್ಥ ಅದಕ್ಕೆ ಬಂದುದು ಸಹಜವಾಗಿಯೇ. ಒಲೆಯಿಂದ ಇಳಿಸಿದ ಅನ್ನ ತಣ್ಣಗಾಗಿದೆ ಎಂದರೆ ಹೊತ್ತು ಕಳೆದಿದೆ ಎಂದೇ ಅರ್ಥ. ಬಿಸಿಯು ಹೊಸತನದ ಗುರುತು, ತಣಿವು ಹಳೆಯತನದ ಗುರುತು. ಕೆಟ್ಟ ಆಹಾರಕ್ಕೆ ನಾವು ಹೇಳುವ ‘ಹಳಸು’ ಎಂಬ ಕ್ರಿಯಾಪದವೂ ಹಳತು, ಹಳೆಯ ಎಂಬವುಗಳ ಕುಲದ್ದೇ. ಒಂದು ಶಬ್ದ ಉಷ್ಣತೆಯಿಂದ ಹೊರಟಿತು, ಇನ್ನೊಂದು ಕಾಲದಿಂದ. ಎರಡೂ ಕೂಡುವುದು ಅನ್ನದ ವಯಸ್ಸಿನಲ್ಲಿ.

ಫ್ರಿಜ್ ಈ ಸಂಬಂಧವನ್ನು ತಲೆಕೆಳಗು ಮಾಡಿತು. ಅದರೊಳಗೆ ತಣ್ಣಗಿರುವುದೇ ತಾಜಾತನದ ಗುರುತು. ಮೂರು ದಿನದ ಸಾಂಬಾರು ತಣ್ಣಗಿದೆ, ಆದುದರಿಂದ ಚೆನ್ನಾಗಿದೆ ಎಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಶೈತ್ಯವು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆ ಅವುಗಳ ವೃದ್ಧಿಗೆ ಅನುಕೂಲ, 4 ಡಿಗ್ರಿ ಅಥವಾ ಅದಕ್ಕೂ ಕೆಳಗೆ ವೃದ್ಧಿ ಮಂದ. ಹಾಗಿದ್ದರೂ ಶೈತ್ಯದಲ್ಲಿಯೇ ಬೆಳೆಯಬಲ್ಲ ಜೀವಿಗಳಿವೆ. ಬೇಯಿಸಿದ ಅನ್ನದಲ್ಲಿ ಕುದಿತಕ್ಕೂ ಸಾಯದೆ ಉಳಿಯುವ ಬ್ಯಾಕ್ಟೀರಿಯಾ ಬೀಜಕಗಳು ಇರುತ್ತವೆ. ಅನ್ನವನ್ನು ಮಧ್ಯಾಹ್ನದಿಂದ ರಾತ್ರಿಯವರೆಗೆ ಹೊರಗಿಟ್ಟು ಆಮೇಲೆ ಫ್ರಿಜ್ಜಿಗೆ ಸೇರಿಸಿದರೆ ಆದ ಹಾನಿಯನ್ನು ಶೈತ್ಯ ಹಿಂತಿರುಗಿಸಲಾರದು. ಪೆಟ್ಟಿಗೆಯೊಳಗೂ ಗಡಿಯಾರ ನಡೆಯುತ್ತಲೇ ಇರುತ್ತದೆ, ನಿಧಾನವಾಗಿ. ಜನರ ವಿನೋದ ನೆನಪಿಸುವುದು ಇದನ್ನೇ.

ಗ್ರಂಥದಲ್ಲಿ ಪಾಕ, ಆಚಾರದಲ್ಲಿ ಅವಧಿ

ಅಡುಗೆಯನ್ನು ಶಾಸ್ತ್ರವೆಂದು ಬಗೆದು ಬರೆದ ಪರಂಪರೆ ಕನ್ನಡದಲ್ಲಿ ಪ್ರಾಚೀನವಾದುದು. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಕೃಷಿ, ಜಲಶೋಧನ, ವೈದ್ಯಗಳ ಜೊತೆಗೆ ಸೂಪಶಾಸ್ತ್ರಕ್ಕೂ ಸ್ಥಾನವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಜೈನಕವಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವೆಂಬ ಸ್ವತಂತ್ರ ಗ್ರಂಥವನ್ನೇ ಬರೆದನು. ಹಿಟ್ಟಿನ ತಿಂಡಿ, ಪಾನಕ, ಅನ್ನ, ಬದನೆ, ಬಾಳೆ, ಹಲಸು, ಕಳಲೆ ಮೊದಲಾದವುಗಳ ಪಾಕಗಳು ಅಲ್ಲಿ ಬರುತ್ತವೆ. ಈ ಕೃತಿಗಳನ್ನು ಓದುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ರುಚಿ, ಪದಾರ್ಥ, ಸಾಮಾಜಿಕ ಸ್ಥಾನಮಾನಗಳನ್ನು ಗಮನಿಸುತ್ತಾರೆ. ಆಯಾ ಋತುವಿನಲ್ಲಿ ದೊರಕುವುದನ್ನು ಆಯಾ ಹೊತ್ತಿಗೆ ಮಾಡಿ ಬಡಿಸುವ ಅಡುಗೆಮನೆಯೊಂದು ಈ ಗ್ರಂಥಗಳ ಹಿಂದೆ ಇದೆ ಎಂಬುದನ್ನು ಗಮನಿಸುವವರು ಕಡಿಮೆ.

ಆಹಾರದ ಅವಧಿಯನ್ನು ಅಂಕಿಯಲ್ಲಿಯೇ ಹೇಳಿದುದು ಶ್ರಾವಕಾಚಾರದ ಪರಂಪರೆ. ದಿಗಂಬರ ಸಂಪ್ರದಾಯದಲ್ಲಿ ಇದಕ್ಕೆ ‘ಮರ್ಯಾದೆ’ ಎಂದು ಹೆಸರು. ಗೌರವ ಎಂಬ ಇಂದಿನ ಅರ್ಥದಲ್ಲಲ್ಲ, ಎಲ್ಲೆ ಎಂಬ ಮೂಲಾರ್ಥದಲ್ಲಿ. ಬೀಸಿದ ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಇದರ ಉದ್ದೇಶ ಅಹಿಂಸೆ: ಎಲ್ಲೆ ಮೀರಿದ ಪದಾರ್ಥದಲ್ಲಿ ಜೀವೋತ್ಪತ್ತಿಯಾಗುತ್ತದೆ, ಅದನ್ನು ಸೇವಿಸಬಾರದು ಎಂಬುದು. ವ್ರತವನ್ನು ಪಾಲಿಸುವುದೂ ಬಿಡುವುದೂ ಅವರವರ ನಂಬಿಕೆ. ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದುದು ಆ ಮೂರು ಅಂಕಿಗಳ ಇಳಿಕೆ. ಒಂದೇ ಹಿಟ್ಟು, ಒಂದೇ ಡಬ್ಬಿ. ಋತು ಬದಲಾದಂತೆ ಆಯುಷ್ಯ ಬದಲಾಗುತ್ತದೆ, ಮಳೆಗಾಲದಲ್ಲಿ ಅತ್ಯಲ್ಪವಾಗುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಆಷಾಢದ ಹಿಟ್ಟನ್ನು ಕಂಡವರಿಗೆ ಇದರ ಸತ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಶ್ರಮಿಕರ ಮನೆಯ ಪದ್ಧತಿ ಇದಕ್ಕೆ ವಿರುದ್ಧವಾಗಿತ್ತು ಎಂಬುದನ್ನೂ ಹೇಳಬೇಕು. ರಾತ್ರಿ ಉಳಿದ ಕುಚ್ಚಲಕ್ಕಿಯ ಅನ್ನಕ್ಕೆ ನೀರು ಹೊಯ್ದಿಟ್ಟು, ಬೆಳಗ್ಗೆ ಮಜ್ಜಿಗೆ, ಉಪ್ಪು, ಉಪ್ಪಿನಕಾಯಿಯೊಡನೆ ಉಂಡು ಗದ್ದೆಗಿಳಿಯುವುದು ಕರಾವಳಿಯ ದುಡಿಯುವ ಜನರ ಕ್ರಮ. ಒಬ್ಬರಿಗೆ ತಂಗಳು ನಿಷಿದ್ಧ, ಇನ್ನೊಬ್ಬರಿಗೆ ಅದೇ ಬೆಳಗಿನ ಬಲ. ಆದರೂ ಇಬ್ಬರೂ ಒಂದು ವಿಷಯದಲ್ಲಿ ಸಮಾನರು: ಎಷ್ಟು ರಾತ್ರಿ ಕಳೆದಿದೆ ಎಂಬುದನ್ನು ಇಬ್ಬರೂ ಎಣಿಸುತ್ತಿದ್ದರು. ತಂಗಳನ್ನ ಎಂದರೆ ಒಂದು ರಾತ್ರಿಯದು. ನಾಲ್ಕು ರಾತ್ರಿಯದಕ್ಕೆ ಹೆಸರು ಬೇಕಾಗಿರಲಿಲ್ಲ, ಏಕೆಂದರೆ ಅಂಥದು ಇರುತ್ತಿರಲಿಲ್ಲ.

ಕರಾವಳಿಯ ಮನೆ ಕಾಲವನ್ನು ಗೆದ್ದ ಬಗೆ

ಹಿಂದಿನವರು ಯಾವುದನ್ನೂ ಕೂಡಿಡಲಿಲ್ಲ, ದಿನದಿನದ ಅಡುಗೆಯಲ್ಲೇ ಸುಖವಾಗಿದ್ದರು ಎಂಬ ಚಿತ್ರವೂ ತಪ್ಪು. ನಾಲ್ಕು ತಿಂಗಳು ಹೊರಗೆ ಕಾಲಿಡಲಾಗದಂತೆ ಮಳೆ ಹೊಡೆಯುವ ನಾಡಿನಲ್ಲಿ ಕೂಡಿಡದೆ ಬದುಕುವುದು ಅಸಾಧ್ಯವಾಗಿತ್ತು. ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಅಡಿಯ ತೊಲೆಗೆ ತೂಗಹಾಕಿದ ಸೌತೆಕಾಯಿ, ಒಣಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿ, ಭರಣಿಯ ಮಿಡಿ ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಹಪ್ಪಳ, ಸಂಡಿಗೆ, ಮಾಂಬಳ, ಒಣಗಿಸಿದ ಪುನರ್ಪುಳಿ ಸಿಪ್ಪೆ: ಇವೆಲ್ಲ ಬೇಸಗೆಯ ಬಿಸಿಲನ್ನು ಮಳೆಗಾಲಕ್ಕೆ ದಾಟಿಸುವ ಉಪಾಯಗಳು. ಒಣಗಿಸುವುದು, ಉಪ್ಪಿಡುವುದು, ಹುಳಿಯಿಸುವುದು ಮತ್ತು ಗಾಳಿಯಾಡಲು ಬಿಡುವುದು ಎಂಬ ನಾಲ್ಕು ವಿಧಾನಗಳು. ಶೈತ್ಯವೊಂದು ಅವರ ಕೈಗೆ ಸಿಕ್ಕಿರಲಿಲ್ಲ.

ಹಾಲಿನ ವಿಷಯದಲ್ಲಿ ಈ ಜಾಣ್ಮೆ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಹಾಲು ಕೆಲವು ತಾಸು ಉಳಿಯುತ್ತದೆ, ಮೊಸರು ಒಂದೆರಡು ದಿನ, ಬೆಣ್ಣೆ ಇನ್ನಷ್ಟು ದಿನ, ತುಪ್ಪ ತಿಂಗಳುಗಟ್ಟಲೆ. ಪ್ರತಿಯೊಂದು ರೂಪಾಂತರವೂ ಆಯುಷ್ಯವನ್ನು ಹೆಚ್ಚಿಸುವ ಒಂದು ಹೆಜ್ಜೆ. ಉಡುಪಿಯ ಶ್ರೀಕೃಷ್ಣನ ಮೂರ್ತಿ ಕೈಯಲ್ಲಿ ಹಿಡಿದಿರುವುದು ಕಡೆಗೋಲು ಮತ್ತು ಹಗ್ಗ. ಭಕ್ತಿಯ ಅರ್ಥಗಳು ಎಷ್ಟೇ ಇರಲಿ, ಅದು ಮೂಲತಃ ಅಡುಗೆಮನೆಯ ಸಲಕರಣೆ. ಹಾಳಾಗುವ ವಸ್ತುವನ್ನು ಉಳಿಯುವ ವಸ್ತುವನ್ನಾಗಿ ಮಾಡುವ ಸಲಕರಣೆ. ಆ ಹಾಲು ಮೊಸರುಗಳ ಗಡಿಗೆಯನ್ನು ಇರುವೆ, ಬೆಕ್ಕು, ಮಕ್ಕಳ ಕೈಗೆ ಎಟುಕದಂತೆ ತೂಗಿಸುತ್ತಿದ್ದ ನೆಲವನ್ನು ಇಂದಿನ ವಿದ್ಯಾರ್ಥಿಗಳು ಬೆಣ್ಣೆಕಳ್ಳನ ಪ್ರಸಂಗಗಳಲ್ಲಿ ಮಾತ್ರ ಬಲ್ಲರು.

ಬೃಹತ್ ಪ್ರಮಾಣದ ಅಡುಗೆಯೂ ಕಾಲದ ಯೋಜನೆಯನ್ನೇ ನೆಚ್ಚಿತ್ತು. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಪರ್ಯಾಯಕ್ಕೆ ಮುನ್ನ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂಬ ನಾಲ್ಕು ವಿಧಿಗಳುಂಟು. ಮುಂದಿನ ಊಟದ ಎಲೆಗಾಗಿ ಬಾಳೆಯನ್ನು ಮೊದಲೇ ನೆಡುತ್ತಾರೆ, ಒಲೆಗಾಗಿ ಕಟ್ಟಿಗೆಯನ್ನು ಮೊದಲೇ ಒಟ್ಟುತ್ತಾರೆ. ಸಾವಿರಾರು ಜನರ ಊಟಕ್ಕೆ ಅಲ್ಲಿ ಮುಂಚಿತವಾಗಿ ಕೂಡಿಡುವುದು ಸಾಮಗ್ರಿಯನ್ನು, ಬೇಯಿಸಿದ ಆಹಾರವನ್ನಲ್ಲ. ನಾಲ್ಕು ಜನರ ಮನೆಗೂ ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ತೋರುವುದಿಲ್ಲ.

ಶೈತ್ಯ ಬಂದ ದಾರಿ, ಅದು ಕೊಟ್ಟ ಬಿಡುಗಡೆ

ಶೈತ್ಯವು ಭಾರತಕ್ಕೆ ಸರಕಾಗಿ ಬಂದುದು 1833ರಲ್ಲಿ. ಅಮೆರಿಕದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಬಾಸ್ಟನ್ನಿನ ಸುತ್ತಲಿನ ಕೊಳಗಳ ಮಂಜುಗಡ್ಡೆಯನ್ನು ಹಡಗಿನಲ್ಲಿ ಹೇರಿ ಕಲಕತ್ತೆಗೆ ಕಳುಹಿಸಿದ. ನಾಲ್ಕು ತಿಂಗಳ ಪ್ರಯಾಣದಲ್ಲಿ ಸಾಕಷ್ಟು ಕರಗಿ, ಉಳಿದದ್ದು ಯುರೋಪಿಯನ್ನರ ಮೇಜು ಸೇರಿತು. ಮದರಾಸಿನ ಕಡಲ ತೀರದಲ್ಲಿ ಅಂಥ ಮಂಜುಗಡ್ಡೆಯನ್ನಿಡಲು ಕಟ್ಟಿದ ಐಸ್ ಹೌಸ್ ಇಂದಿಗೂ ಇದೆ. ಅದೇ ಈಗಿನ ವಿವೇಕಾನಂದರ್ ಇಲ್ಲಂ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯಂತ್ರದಿಂದ ಮಂಜುಗಡ್ಡೆ ಮಾಡುವುದು ಸಾಧ್ಯವಾದ ಮೇಲೆ ಆ ವ್ಯಾಪಾರ ಮುಗಿಯಿತು. ಮನೆಬಳಕೆಯ ಫ್ರಿಜ್ಜನ್ನು ಗೋದ್ರೆಜ್ ಸಂಸ್ಥೆ ಭಾರತದಲ್ಲಿ ತಯಾರಿಸಲಾರಂಭಿಸಿದುದು 1958ರಲ್ಲಿ. ಮುಂದೆ ಬಹುಕಾಲ ಅದು ಸ್ಥಿತಿವಂತರ ನಡುಮನೆಯ ಅಲಂಕಾರವಾಗಿತ್ತು; ಅಡುಗೆಮನೆಯೊಳಗೆ ಹೋದುದು ಅನಂತರ.

ಈ ಯಂತ್ರವನ್ನು ಕೇವಲ ವಿಲಾಸವೆಂದು ಜರೆಯುವವರು, ತಾಜಾ ಅಡುಗೆಯ ವೈಭವವನ್ನು ಹೊಗಳುವವರು, ಬಹುಮಟ್ಟಿಗೆ ಅಡುಗೆ ಮಾಡಿದವರಲ್ಲ. ದಿನವೂ ಎರಡು ಹೊತ್ತು ಹೊಸದಾಗಿ ಬೇಯಿಸಿದ ಅನ್ನದ ಹಿಂದೆ ಬೆಳಗಿನ ಜಾವ ಕಡೆಯುವ ಕಲ್ಲಿನ ಮುಂದೆ ಕುಳಿತ ಒಬ್ಬ ಹೆಣ್ಣುಮಗಳಿದ್ದಳು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದವರಿಗೆ ಕರಾವಳಿಯ ಮನೆಯನ್ನು ಮೂರು ತಲೆಮಾರಿನ ಕಾಲ ಎತ್ತಿಹಿಡಿದವರು ಯಾರು, ಯಾವ ಬೆಲೆ ತೆತ್ತು ಎಂಬುದು ತಿಳಿದಿದೆ. ದೋಸೆಹಿಟ್ಟನ್ನು ಎರಡು ದಿನಕ್ಕಾಗುವಷ್ಟು ರುಬ್ಬಿಡಬಹುದು, ತುರಿದ ತೆಂಗಿನಕಾಯಿಯನ್ನು ತೆಗೆದಿಡಬಹುದು, ಹಾಲು ಒಡೆಯುವ ಮುನ್ನ ಕಾಯಿಸಲು ಓಡಬೇಕಾಗಿಲ್ಲ ಎಂಬುದು ಸಣ್ಣ ಬಿಡುಗಡೆಯಲ್ಲ. ಸಕ್ಕರೆ ಕಾಯಿಲೆಯವರಿರುವ ಮನೆಗೆ ಫ್ರಿಜ್ ಔಷಧದ ಕಪಾಟೂ ಹೌದು: ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯ ನಡುವೆ, ಹೆಪ್ಪುಗಟ್ಟದಂತೆ ಇಡಬೇಕು. ಆದುದರಿಂದ ಫ್ರಿಜ್ ಬೇಕೇ ಎಂಬುದು ನನ್ನ ಪ್ರಶ್ನೆಯಲ್ಲ. ಬೇಕು. ಎಷ್ಟು ದೊಡ್ಡದು ಬೇಕು ಎಂಬಲ್ಲಿ ನನ್ನ ಭಿನ್ನಾಭಿಪ್ರಾಯವಿದೆ.

ದೊಡ್ಡ ಫ್ರಿಜ್ ಇದ್ದರೆ ಹೆಂಗಸರ ದುಡಿಮೆ ಇನ್ನೂ ಕಡಿಮೆಯಾಗುತ್ತದೆ ಎಂಬ ವಾದ ಕೇಳಲು ಸರಿಯೆನಿಸುತ್ತದೆ. ಒಂದು ಎಲ್ಲೆಯವರೆಗೆ ಅದು ನಿಜವೇ. ಎಲ್ಲೆ ದಾಟಿದ ಮೇಲೆ ಹೊಸ ದುಡಿಮೆ ಹುಟ್ಟುತ್ತದೆ: ಹಿಂದಿನ ಸಾಲಿನಲ್ಲಿ ಮರೆತುಹೋದ ಡಬ್ಬಿಗಳನ್ನು ಹುಡುಕುವುದು, ವಾಸನೆ ನೋಡುವುದು, ಎಸೆಯಲು ಮನಸ್ಸಾಗದೆ ತಾವೇ ಉಣ್ಣುವುದು. ಬಹುತೇಕ ಮನೆಗಳಲ್ಲಿ ಮೂರನೆಯ ದಿನದ ಪಲ್ಯ ಯಾರ ತಟ್ಟೆಗೆ ಬೀಳುತ್ತದೆ ಎಂದು ಗಮನಿಸಿ ನೋಡಿ. ಗಂಡಸರಿಗೂ ಮಕ್ಕಳಿಗೂ ಬಿಸಿಯಾದದ್ದು, ಗೃಹಿಣಿಗೆ ಪೆಟ್ಟಿಗೆಯದು. ಹಾಗಾಗಿ ಪೆಟ್ಟಿಗೆಯ ಗಾತ್ರವು ಮನೆಯೊಳಗಿನ ನ್ಯಾಯದ ಪ್ರಶ್ನೆಯೂ ಆಗುತ್ತದೆ.

ನಾಲ್ಕು ಊರು, ನಾಲ್ಕು ಅಗತ್ಯ

ಒಂದೇ ಜಿಲ್ಲೆಯೊಳಗಿದ್ದರೂ ಈ ನಾಲ್ಕು ಊರುಗಳ ಅಗತ್ಯ ಒಂದೇ ಅಲ್ಲ. ಕಾಪು ಕಡಲ ತೀರದ್ದು. ದೀಪಸ್ತಂಭದ ಸುತ್ತಲಿನ ಉಪ್ಪು ಗಾಳಿ ಕಬ್ಬಿಣದ ಯಾವ ವಸ್ತುವನ್ನೂ ಸುಮ್ಮನೆ ಬಿಡುವುದಿಲ್ಲ. ಅಲ್ಲಿ ಹಿಂಭಾಗದ ಕೊಳವೆಗಳು ಮುಚ್ಚಿಕೊಂಡಿರುವ, ಬಣ್ಣದ ಲೇಪ ಗಟ್ಟಿಯಿರುವ ಮಾದರಿಯನ್ನು ಆರಿಸಿ, ನೆಲದಿಂದ ಎತ್ತರಿಸಿ ನಿಲ್ಲಿಸಬೇಕು. ಮೀನು ಉಣ್ಣುವ ಮನೆಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧಾವಧಿ ದೊಡ್ಡ ಫ್ರೀಜರಿನ ಆಸೆ ಹುಟ್ಟಿಸುತ್ತದೆ; ಆದರೆ ಮಳೆಗಾಲದ ವಿದ್ಯುತ್ ಕಡಿತವೂ ಅದೇ ಎರಡು ತಿಂಗಳಲ್ಲಿ ಹೆಚ್ಚು ಎಂಬುದನ್ನು ಮರೆಯಬಾರದು. ಒಣಮೀನು ಆ ಕಾಲಕ್ಕೆಂದೇ ಹುಟ್ಟಿದ ಆಹಾರ. ಶಂಕರಪುರದ ಸುತ್ತ ಮಲ್ಲಿಗೆ ಬೆಳೆಯುವ, ಕಟ್ಟುವ ಮನೆಗಳಿಗೆ ತಂಪು ಬೇಕಾಗಿರುವುದು ಹೂವಿಗೆ. ಬಾಳೆಎಲೆಯಲ್ಲಿ ಸುತ್ತಿದ ಮಲ್ಲಿಗೆಯನ್ನು ಅನ್ನ ಸಾರುಗಳ ವಾಸನೆಯಿಂದ ದೂರವಿಡಲು ಕೆಳಗಿನ ಮುಚ್ಚಿದ ಖಾನೆ ಚೆನ್ನಾಗಿರಬೇಕು.

ಅದೇ ತಾಲೂಕಿನ ಮಟ್ಟುಗುಳ್ಳ ಇನ್ನೊಂದು ಪಾಠ ಹೇಳುತ್ತದೆ. ಭೌಗೋಳಿಕ ಸೂಚಿಕೆ ಪಡೆದ ಈ ಬದನೆಯನ್ನು ಫ್ರಿಜ್ಜಿನಲ್ಲಿಟ್ಟರೆ ಅದು ಉಳಿಯುವ ಬದಲು ಕೆಡುತ್ತದೆ. ಬದನೆ, ಸೌತೆ, ಬಾಳೆ ಮುಂತಾದ ಉಷ್ಣವಲಯದ ಫಲಗಳಿಗೆ ಸುಮಾರು 10ರಿಂದ 13 ಡಿಗ್ರಿಗಿಂತ ಕೆಳಗಿನ ಚಳಿ ತಾಗಿದರೆ ಸಿಪ್ಪೆ ಕುಳಿಬೀಳುತ್ತದೆ, ಒಳಗೆ ಕಪ್ಪಾಗುತ್ತದೆ. ತೊಲೆಗೆ ತೂಗುಹಾಕಿದ ಸೌತೆ ತಿಂಗಳುಗಟ್ಟಲೆ ಬಾಳುತ್ತಿದ್ದುದು ಇದಕ್ಕೇ. ತೆಂಗಿನಕಾಯಿ, ಕುಂಬಳ, ಸುವರ್ಣಗೆಡ್ಡೆ, ಈರುಳ್ಳಿ, ಬಟಾಟೆ ಇವು ಯಾವುವಕ್ಕೂ ಫ್ರಿಜ್ ಬೇಡ. ನಮ್ಮ ಕರಾವಳಿಯ ತರಕಾರಿ ಬುಟ್ಟಿಯಿಂದ ಇವನ್ನೆಲ್ಲ ಹೊರಗಿಟ್ಟರೆ ಒಳಗೆ ಹೋಗಲು ಉಳಿಯುವುದು ಹಾಲು, ಮೊಸರು, ಹಿಟ್ಟು, ಸೊಪ್ಪು, ಕಾಯಿತುರಿ, ಒಂದು ಹೊತ್ತಿನ ಉಳಿಕೆ. ಇದಕ್ಕೆ 600 ಲೀಟರ್ ಏಕೆ?

ಮಣಿಪಾಲದ ಬಾಡಿಗೆ ಕೊಠಡಿಗಳಲ್ಲಿ ವಾಸಿಸುವ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ವರ್ಷ ಎರಡು ವರ್ಷಕ್ಕೆ ಮನೆ ಬದಲಾಯಿಸುವುದು ಇದ್ದದ್ದೇ. ಅವರಿಗೆ ಒಂದು ಬಾಗಿಲಿನ 180ರಿಂದ 200 ಲೀಟರಿನದು ಧಾರಾಳ. ಉಡುಪಿ ಪೇಟೆಯ ಫ್ಲಾಟುಗಳಲ್ಲಿ ಗೋಡೆಗೂ ಫ್ರಿಜ್ಜಿಗೂ ನಡುವೆ ಗಾಳಿಯಾಡುವಷ್ಟು ಜಾಗ ಸಿಗುವುದೇ ಮುಖ್ಯ ಪ್ರಶ್ನೆ; ಒಲೆಯ ಪಕ್ಕಕ್ಕೆ ಒತ್ತಿ ನಿಲ್ಲಿಸಿದ ದೊಡ್ಡ ಪೆಟ್ಟಿಗೆ ಇಡೀ ದಿನ ಒಲೆಯ ವಿರುದ್ಧ ಹೋರಾಡುತ್ತದೆ. ಕಾರ್ಕಳ ಘಟ್ಟದ ಬುಡದ್ದು. ಅಲ್ಲಿನ ಹಳ್ಳಿಗಳಲ್ಲಿ ಗಾಳಿಮಳೆಗೆ ಮರ ಬಿದ್ದರೆ ಕರೆಂಟು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಇರುವುದಿಲ್ಲ. ಬಾಗಿಲು ತೆರೆಯದೆ ಇಟ್ಟರೂ ಫ್ರಿಜ್ಜಿನೊಳಗಿನ ಆಹಾರವನ್ನು ಸುಮಾರು 4 ಗಂಟೆ ಮಾತ್ರ ನಂಬಬಹುದು. ಅಂಥಲ್ಲಿ ಒಳಗೆ ಹೆಚ್ಚು ಇಟ್ಟಷ್ಟೂ ಹೆಚ್ಚು ನಷ್ಟ.

ಆರಿಸುವಾಗ ನೋಡಬೇಕಾದವು

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ಡೈರೆಕ್ಟ್ ಕೂಲ್ ಎಂಬುದರಲ್ಲಿ ಶೈತ್ಯ ತಾನಾಗಿ ಹರಡುತ್ತದೆ, ಮಂಜು ಕಟ್ಟುತ್ತದೆ, ಆಗಾಗ ಕರಗಿಸಬೇಕು. ಫ್ರಾಸ್ಟ್ ಫ್ರೀ ಎಂಬುದರಲ್ಲಿ ಫ್ಯಾನು ತಂಪನ್ನು ಹರಡುತ್ತದೆ, ಸಣ್ಣ ಹೀಟರು ಮಂಜನ್ನು ತಾನೇ ಕರಗಿಸುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಬಾಗಿಲು ತೆರೆದಾಗಲೆಲ್ಲ ಮೊದಲನೆಯದರಲ್ಲಿ ಮಂಜು ಬೇಗ ಬೆಳೆಯುತ್ತದೆ. ಆದರೆ ಕರೆಂಟು ಹೋದಾಗ ಅದೇ ಮಂಜು ತಂಪನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಆದುದರಿಂದ ವಿದ್ಯುತ್ ನೆಚ್ಚಬಹುದಾದ ಉಡುಪಿ, ಮಣಿಪಾಲಗಳ ಪೇಟೆಮನೆಗೆ 240, 250 ಲೀಟರಿನ ಫ್ರಾಸ್ಟ್ ಫ್ರೀ, ಕಾರ್ಕಳದ ಒಳನಾಡಿನ ಮನೆಗೆ 200 ಲೀಟರಿನ ಆಸುಪಾಸಿನ ಡೈರೆಕ್ಟ್ ಕೂಲ್ ಎಂಬುದು ನನ್ನ ಸಲಹೆ. ವೋಲ್ಟೇಜು ಏರಿಳಿಯುವ ಕಡೆ ಸ್ಟೆಬಿಲೈಸರ್ ಬೇಕೇ ಬೇಕು. ಹವಾಮಾನ ವರ್ಗದಲ್ಲಿ ‘ಟಿ’ ಎಂಬ ಗುರುತಿದ್ದರೆ ಸುತ್ತಣ ಉಷ್ಣತೆ 43 ಡಿಗ್ರಿಯವರೆಗೆ ಏರಿದರೂ ಅದು ಕೆಲಸ ಮಾಡುತ್ತದೆ.

ನಕ್ಷತ್ರಗಳನ್ನು ಎಣಿಸುವ ಬದಲು ಅವುಗಳ ಕೆಳಗೆ ಮುದ್ರಿಸಿದ ಅಂಕಿಯನ್ನು ಓದಿರಿ. ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಆರಂಭಿಸಿದ ಈ ಲೇಬಲ್ ಫ್ರಾಸ್ಟ್ ಫ್ರೀ ಫ್ರಿಜ್ಜುಗಳಿಗೆ 2010ರಿಂದ ಕಡ್ಡಾಯವಾಗಿದೆ. ಮಾನದಂಡ ಕಾಲಕಾಲಕ್ಕೆ ಬಿಗಿಯಾಗುವುದರಿಂದ ಒಂದು ವರ್ಷದ ಐದು ನಕ್ಷತ್ರ ಇನ್ನೊಂದು ವರ್ಷ ಮೂರಾಗಬಹುದು. ಅಲ್ಲದೆ ನಕ್ಷತ್ರವು ಆಯಾ ಗಾತ್ರದೊಳಗಿನ ಹೋಲಿಕೆ. ದೊಡ್ಡ ಪೆಟ್ಟಿಗೆ ಐದು ನಕ್ಷತ್ರ ಪಡೆದೂ ಚಿಕ್ಕದಕ್ಕಿಂತ ಹೆಚ್ಚು ಉರಿಸಬಹುದು. ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿಯೇ ನಿಜವಾದ ಲೆಕ್ಕ. ಒಂದರ ಮೇಲೆ 150, ಇನ್ನೊಂದರ ಮೇಲೆ 400 ಎಂದಿದ್ದರೆ ವ್ಯತ್ಯಾಸ 250 ಯೂನಿಟ್, ತಿಂಗಳಿಗೆ ಸುಮಾರು 21. ಯೂನಿಟಿಗೆ 7 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 1,750 ರೂಪಾಯಿ, ಹದಿನೈದು ವರ್ಷಕ್ಕೆ 26,250 ರೂಪಾಯಿ. 2023ರಲ್ಲಿ ಜಾರಿಯಾದ ಗೃಹಜ್ಯೋತಿಯ ಮನೆಗಳು ಇನ್ನೊಂದು ಅಂಶವನ್ನೂ ನೋಡಬೇಕು. ಅಲ್ಲಿ ಉಚಿತ ಪ್ರಮಾಣ ನಿಗದಿಯಾದುದು 2022-23ರ ಸರಾಸರಿ ಬಳಕೆಯ ಮೇಲೆ ಅಲ್ಪ ಹೆಚ್ಚಳ ಸೇರಿಸಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲು ಕಟ್ಟಬೇಕು. ಆ ಗಡಿಯಲ್ಲಿರುವ ಮನೆಗೆ ಈ 21 ಯೂನಿಟ್ ನಿರ್ಣಾಯಕ.

ಶೀತಕಾರಕ ಅನಿಲದ ಕಥೆಯೂ ತಿಳಿದಿರಬೇಕಾದುದು. ಹಳೆಯ ಫ್ರಿಜ್ಜುಗಳಲ್ಲಿದ್ದ ಆರ್-12 ಓಝೋನ್ ಪದರವನ್ನು ಕೆಡಿಸುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಅದನ್ನು ಕೈಬಿಡುವ ಕ್ರಮ ಆರಂಭವಾಯಿತು. ಅದರ ಸ್ಥಾನಕ್ಕೆ ಬಂದ ಆರ್-134ಎ ಓಝೋನಿಗೆ ನಿರಪಾಯ, ಆದರೆ ಭೂತಾಪವನ್ನು ಬಲವಾಗಿ ಏರಿಸುವಂಥದು. ಈಗ ಹೆಚ್ಚಿನ ಮನೆಬಳಕೆಯ ಮಾದರಿಗಳಲ್ಲಿ ಆರ್-600ಎ ಇದೆ. ಅದರ ತಾಪಪರಿಣಾಮ ಅತ್ಯಲ್ಪ, ಉರಿಯುವ ಗುಣ ಉಂಟು, ಆದುದರಿಂದ ದುರಸ್ತಿಗೆ ತರಬೇತಾದವರೇ ಬೇಕು. ಹೊಸದು ಬಂದ ಮೇಲೆ ಹಳೆಯದನ್ನು ಹಿಂದಿನ ಕೋಣೆಯಲ್ಲಿ ಚಾಲೂ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿ ವ್ಯಾಪಕ. ಉಳಿತಾಯಕ್ಕೆಂದು ಕೊಂಡ ಯಂತ್ರ ಹೀಗೆ ಖರ್ಚನ್ನು ಹೆಚ್ಚಿಸುತ್ತದೆ. ಹಳೆಯದನ್ನು ಇ-ತ್ಯಾಜ್ಯದ ನಿಯಮದಂತೆ ಮರಳಿಸಿ ಬಿಡುವುದೇ ಲೇಸು.

ನಿರ್ಣಯ ಯಾರದು

ಕಾರ್ಕಳದ ಸಮೀಪದ ನಂದಳಿಕೆಯ ಮುದ್ದಣನು ‘ಶ್ರೀರಾಮಾಶ್ವಮೇಧ’ವನ್ನು ಗಂಡಹೆಂಡಿರ ಸಲ್ಲಾಪದ ಚೌಕಟ್ಟಿನೊಳಗೆ ನಿಲ್ಲಿಸಿದ್ದಾನೆ. ಕಥೆ ಹೇಳುವವನು ಮುದ್ದಣ. ಆದರೆ ಅದು ಯಾವ ರೂಪದಲ್ಲಿರಬೇಕೆಂದು ಷರತ್ತು ಹಾಕುವವಳು, ಅರ್ಥವಾಗದಿದ್ದಲ್ಲಿ ತಡೆದು ಕೇಳುವವಳು ಮನೋರಮೆ. ಫ್ರಿಜ್ಜಿನ ವಿಷಯದಲ್ಲೂ ಅದೇ ಕ್ರಮ ಒಳ್ಳೆಯದು. ಬಾಗಿಲನ್ನು ದಿನಕ್ಕೆ ಮೂವತ್ತು ಬಾರಿ ತೆರೆಯುವವರು ಯಾರೋ ಅವರೇ ಷರತ್ತು ಹಾಕಬೇಕು. ಹಣ ಕೊಡುವವರು ಅದನ್ನು ಕೇಳಿಸಿಕೊಳ್ಳಬೇಕು. ಮಳಿಗೆಗೆ ಹೋಗುವ ಮುನ್ನ ಒಂದು ವಾರ ಈಗಿರುವ ಫ್ರಿಜ್ಜಿನೊಳಗೆ ಏನು ಹೋಯಿತು, ಎಷ್ಟನೆಯ ದಿನ ಹೊರಬಂತು, ಅದರಲ್ಲಿ ಉಂಡದ್ದೆಷ್ಟು, ಎಸೆದದ್ದೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರೆ ಬೇಕಾದ ಗಾತ್ರ ತಾನಾಗಿ ಕಾಣುತ್ತದೆ. ನಾಲ್ಕೈದು ಜನರ ಮನೆಗೆ 250 ಲೀಟರಿಗಿಂತ ಹೆಚ್ಚಿನದು ಬೇಕೆಂದು ಆ ಹಾಳೆ ಹೇಳುವುದು ಅಪರೂಪ ಎಂದೇ ನನ್ನ ಎಣಿಕೆ.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ಶಾಸ್ತ್ರಗ್ರಂಥಗಳಲ್ಲಿರುವ ಪಾಕಗಳ ಅಧ್ಯಯನ ಆಗಿದೆ, ಆಗುತ್ತಲೂ ಇದೆ. ಆಹಾರದ ವಯಸ್ಸನ್ನು ಹೇಳುವ ಶಬ್ದಗಳನ್ನು ಯಾರೂ ಕ್ರಮವಾಗಿ ಕೂಡಿಸಿದಂತೆ ಕಾಣೆ. ಬಿಸಿ, ಆರಿದ್ದು, ತಂಗಳು, ಹುಳಿತದ್ದು, ಹಳಸಿದ್ದು, ಕೊಳೆತದ್ದು ಎಂಬ ಮೆಟ್ಟಿಲುಗಳು ಕನ್ನಡದಲ್ಲಿ ಎಷ್ಟಿವೆ, ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಎಷ್ಟಿವೆ? ಎಂಬತ್ತು ವರ್ಷದ ಅಜ್ಜಿಯೊಬ್ಬರ ಬಾಯಲ್ಲಿ ಎಷ್ಟು, ಇಪ್ಪತ್ತು ವರ್ಷದ ಮೊಮ್ಮಗಳ ಬಾಯಲ್ಲಿ ಎಷ್ಟು? ‘ಫ್ರಿಜ್ಜಿನಲ್ಲಿದೆ’ ಎಂಬ ಒಂದೇ ಮಾತು ಈ ಎಲ್ಲ ಮೆಟ್ಟಿಲುಗಳನ್ನು ಸಮತಟ್ಟು ಮಾಡುತ್ತಿದೆ. ಆ ಶಬ್ದಗಳನ್ನು ಬಲ್ಲವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಪಟ್ಟಿ ಮಾಡುವ ಕೆಲಸವನ್ನು ಈ ಮಳೆಗಾಲದಲ್ಲಿಯೇ ಆರಂಭಿಸಬಹುದು.